ಓದು ಕಾಲೇಜಿನಲ್ಲಿ, ತಯಾರಿ ಬೇರೆಡೆ: ಶಾಲಾ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಪ್ರತಿ: ನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ (ಪದವಿಪೂರ್ವ), ಕಾರ್ಯನಿರ್ವಾಹಕ ನಿರ್ದೇಶಕರು, ಕರ್ನಾಟಕ ಪರೀಕ್ಷಾ ಪ್ರಾಧಿಕಾರ.

ವಿಷಯ: ಸರ್ಕಾರಿ ಪದವಿಪೂರ್ವ ಕಾಲೇಜುಗಳ ವಿಜ್ಞಾನ ವಿದ್ಯಾರ್ಥಿಗಳನ್ನು ಸಿಇಟಿ (ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ) ಮತ್ತು ನೀಟ್ (ವೈದ್ಯಕೀಯ ಸೀಟುಗಳ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ) ಪರೀಕ್ಷೆಗಳಿಗೆ ಸಿದ್ಧಗೊಳಿಸುವ ಹೊಣೆಯ ಬಗ್ಗೆ.

ಮಾನ್ಯರೇ,

ರಾಯಚೂರು ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಸೇವೆಯಲ್ಲಿರುವಷ್ಟು ಕಾಲ ಇಲಾಖೆಯ ವಿಚಾರವನ್ನು ಹೊರಗೆ ಆಡುವಂತಿರಲಿಲ್ಲ. ಪಿಂಚಣಿದಾರನಿಗೆ ಅಷ್ಟರಮಟ್ಟಿನ ಸ್ವಾತಂತ್ರ್ಯ ಇದೆಯೆಂದು ಭಾವಿಸಿ ಈ ಪತ್ರ ಬರೆಯುತ್ತಿದ್ದೇನೆ. ನನ್ನ ದೂರು ಒಂದೇ. ತಮ್ಮ ಇಲಾಖೆ ನಡೆಸುವ ಕಾಲೇಜಿನಲ್ಲಿ ಎರಡು ವರ್ಷ ಒಂದು ದಿನವೂ ತಪ್ಪಿಸದೆ ಕೂತು ಓದಿದ ವಿದ್ಯಾರ್ಥಿ, ಅದೇ ಸರ್ಕಾರ ನಡೆಸುವ ಸಾಮಾನ್ಯ ಪ್ರವೇಶ ಪರೀಕ್ಷೆಗೆ ಸಿದ್ಧನಾಗಿರುವುದಿಲ್ಲ. ಅವನು ಸಿದ್ಧನಾಗಬೇಕಾದರೆ ಅವನ ಮನೆಯವರು ಬೇರೆಲ್ಲೋ ಹಣ ಕಟ್ಟಬೇಕು. ಹೀಗಾಗಿರುವುದು ಎಲ್ಲರಿಗೂ ಗೊತ್ತಿದೆ, ಹೀಗೇ ಇರುವುದು ಸಹಜವೆಂದೂ ಎಲ್ಲರೂ ಒಪ್ಪಿಬಿಟ್ಟಿದ್ದಾರೆ. ಈ ಒಪ್ಪಿಗೆಯ ಮಾತೇ ನನಗೆ ಹೆಚ್ಚು ನೋವು ಕೊಡುತ್ತದೆ.

ಸಿಇಟಿ ಈ ರಾಜ್ಯದಲ್ಲಿ ಯಾಕೆ ಬಂತು ಎಂಬುದನ್ನು ಒಮ್ಮೆ ನೆನಪಿಸುವುದು ಅಧಿಕಪ್ರಸಂಗವಾಗಲಾರದು. ಸೀಟಿಗಾಗಿ ನಿಗದಿತ ಶುಲ್ಕದ ಮೇಲೆ ವಸೂಲಿ ಮಾಡುವ ಕ್ಯಾಪಿಟೇಶನ್ ಶುಲ್ಕವೆಂಬ ಪಿಡುಗಿಗೆ ಕರ್ನಾಟಕ ಹೆಸರಾಗಿದ್ದ ಕಾಲವಿತ್ತು. ಅದನ್ನು ನಿಷೇಧಿಸಲು 1984ರಲ್ಲಿ ನಾವೇ ಕಾಯ್ದೆ ಮಾಡಿದೆವು. ಅದಾದ ಮೇಲೂ 1992ರ ಮೋಹಿನಿ ಜೈನ್ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದದ್ದು ನಮ್ಮ ರಾಜ್ಯದ ಶುಲ್ಕದ ತಕರಾರಿನಿಂದಲೇ. ಮರುವರ್ಷ ಬಂದ ಉನ್ನಿಕೃಷ್ಣನ್ ತೀರ್ಪು ಖಾಸಗಿ ವೃತ್ತಿಪರ ಕಾಲೇಜುಗಳ ಸೀಟುಗಳನ್ನು ಉಚಿತ ಸೀಟು, ಪಾವತಿ ಸೀಟು ಎಂದು ವಿಂಗಡಿಸಿ, ಅರ್ಹತೆಯ ಮೇಲೆ ಹಂಚಲು ದಾರಿ ಮಾಡಿತು. 1994ರಲ್ಲಿ ಸಿಇಟಿ ಘಟಕ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ದುಡ್ಡಿನ ಚೀಲ ಹಿಡಿದವನ ಮುಂದೆ ದುಡ್ಡಿಲ್ಲದವನ ಮಗಳೂ ರ‍್ಯಾಂಕ್ ಪಟ್ಟಿ ಹಿಡಿದು ನಿಲ್ಲಬಹುದು ಎಂಬ ಧೈರ್ಯವನ್ನು ಆ ಪರೀಕ್ಷೆ ಕೊಟ್ಟಿತು. ನಮ್ಮ ಕಾಲೇಜಿನಿಂದಲೂ ಹಾಗೆ ಸೀಟು ಪಡೆದು ಹೋದವರಿದ್ದಾರೆ. ಮನೆಯಲ್ಲಿ ಓದಿದವರೇ ಇಲ್ಲದ ಮಕ್ಕಳು ಇಂದು ಎಂಜಿನಿಯರುಗಳಾಗಿ, ವೈದ್ಯರಾಗಿ ಕೆಲಸ ಮಾಡುತ್ತಿದ್ದಾರೆ. ಹಾಗಾಗಿ ಈ ಪತ್ರ ಪ್ರವೇಶ ಪರೀಕ್ಷೆಯ ವಿರುದ್ಧವಲ್ಲ. ಸೀಟಿಗೆ ಕೊಡುತ್ತಿದ್ದ ಹಣವನ್ನು ಈಗ ಸೀಟಿಗೆ ಮುಂಚೆಯೇ, ತಯಾರಿಯ ಹೆಸರಿನಲ್ಲಿ ಕೊಡುವಂತಾಗಿದೆ ಎಂಬುದಷ್ಟೇ ನನ್ನ ಆಕ್ಷೇಪ.

ಕಾಲೇಜಿನ ಪಾಠಕ್ಕೂ ಪ್ರವೇಶ ಪರೀಕ್ಷೆಗೂ ಇರುವ ಅಂತರ ಎಂಥದ್ದೆಂಬುದನ್ನು ನನ್ನ ವಿಷಯದ ಒಂದು ಉದಾಹರಣೆಯಿಂದ ಹೇಳುತ್ತೇನೆ. ದ್ವಿತೀಯ ಪಿಯುಸಿಯಲ್ಲಿ ವೀಟ್‌ಸ್ಟನ್ ಸೇತುವೆ ಎಂಬ, ರೋಧಕಗಳನ್ನು ಜೋಡಿಸಿದ ವಿದ್ಯುತ್ ಮಂಡಲದ ಪಾಠವಿದೆ. ವಾರ್ಷಿಕ ಪರೀಕ್ಷೆಯಲ್ಲಿ ಕಿರ್ಚಾಫ್ ನಿಯಮಗಳನ್ನು ಬಳಸಿ ಅದರ ಸಮತೋಲನದ ಷರತ್ತನ್ನು ಸಾಧಿಸಿ ಎಂದು ಕೇಳುತ್ತಾರೆ. ಚಿತ್ರ ಬರೆದು, ಎರಡು ಸಮೀಕರಣ ಬರೆದು, ಭಾಗಿಸಿ ತೋರಿಸಿದರೆ ಅಂಕ ಬಂತು. ಬಾಯಿಪಾಠ ಮಾಡಿದವನಿಗೂ ಬರುತ್ತದೆ. ಸಿಇಟಿಯಲ್ಲಿ ಅದೇ ಸೇತುವೆಯನ್ನು ಸೇತುವೆಯಂತೆ ಕಾಣದ ಹಾಗೆ ತಿರುಚಿ ಬರೆದಿರುತ್ತಾರೆ. ಐದು ರೋಧಕಗಳು ಅಡ್ಡಾದಿಡ್ಡಿಯಾಗಿರುತ್ತವೆ, ಎರಡು ಬಿಂದುಗಳ ನಡುವಿನ ಒಟ್ಟು ರೋಧ ಕೇಳಿರುತ್ತಾರೆ. ನಡುವಿನ ರೋಧಕದಲ್ಲಿ ವಿದ್ಯುತ್ ಹರಿಯುವುದೇ ಇಲ್ಲ ಎಂದು ಕಂಡುಕೊಂಡವನಿಗೆ ಅದು ಬಾಯಿಲೆಕ್ಕ, ಕಾಣದವನಿಗೆ ಒಂದು ಪುಟದ ಬೀಜಗಣಿತ. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಪ್ರಶ್ನೆಯೊಂದಕ್ಕೆ 80 ಸೆಕೆಂಡು. ಆ 80 ಸೆಕೆಂಡಿನಲ್ಲಿ ಸೇತುವೆಯನ್ನು ಗುರುತಿಸುವ ಕಣ್ಣು ಹುಟ್ಟುವುದು ಬುದ್ಧಿಯಿಂದಲ್ಲ, ಅಂಥ ಹತ್ತಿಪ್ಪತ್ತು ಚಿತ್ರಗಳನ್ನು ಮೊದಲೇ ಬಿಡಿಸಿ ನೋಡಿದ ಅಭ್ಯಾಸದಿಂದ. ಕೋಚಿಂಗ್ ಕೇಂದ್ರಗಳು ಮಾರುವುದು ಈ ಅಭ್ಯಾಸವನ್ನು. ಅದರಲ್ಲಿ ಮಂತ್ರವೇನೂ ಇಲ್ಲ. ನಮ್ಮ ಕಾಲೇಜಿನ ಯಾವ ಉಪನ್ಯಾಸಕರೂ ಅದನ್ನು ಮಾಡಿಸಬಲ್ಲರು, ವೇಳಾಪಟ್ಟಿಯಲ್ಲಿ ಅದಕ್ಕೊಂದು ಜಾಗವಿದ್ದರೆ.

ಜಾಗವಿಲ್ಲ. ಪಠ್ಯ ಮುಗಿಸಲು ಬೇಕಾದ ಗಂಟೆಗಳೇ ಸಿಗುವುದಿಲ್ಲ. ಜೂನ್‌ನಲ್ಲಿ ತರಗತಿ ಆರಂಭವಾದರೂ ಖಾಲಿ ಹುದ್ದೆಗಳಿಗೆ ಅತಿಥಿ ಉಪನ್ಯಾಸಕರು ಬರುವಷ್ಟರಲ್ಲಿ ಮಳೆಗಾಲದ ಅರ್ಧ ಕಳೆದಿರುತ್ತದೆ. ನಮ್ಮಲ್ಲಿ ಗಣಿತಕ್ಕೆ ಉಪನ್ಯಾಸಕರೇ ಇಲ್ಲದೆ ಮೊದಲ ಕಿರುಪರೀಕ್ಷೆ ನಡೆದ ವರ್ಷಗಳಿವೆ. ಗಣಿತದಲ್ಲಿ ಅವಕಲನ ಆರಂಭವಾಗುವ ಮೊದಲೇ ಭೌತಶಾಸ್ತ್ರದಲ್ಲಿ ನಾನು ಅದನ್ನು ಬಳಸಬೇಕಾಗಿತ್ತು. ಹಾಗಾಗಿ ನನ್ನ ಅವಧಿಯಲ್ಲಿ ಒಂದಿಷ್ಟನ್ನು ಗಣಿತಕ್ಕೆ ಕೊಡುತ್ತಿದ್ದೆ. ನಡುವೆ ಚುನಾವಣೆ ಕೆಲಸ, ಸಮೀಕ್ಷೆಯ ಕೆಲಸ, ಮೌಲ್ಯಮಾಪನ, ಬೇರೆ ಕಾಲೇಜಿಗೆ ವಾರಕ್ಕೆ ಮೂರು ದಿನದ ನಿಯೋಜನೆ. ಜನವರಿಯ ಹೊತ್ತಿಗೆ ಪಾಠ ಓಡತೊಡಗುತ್ತದೆ. ಮಾರ್ಚ್‌ನಲ್ಲಿ ವಾರ್ಷಿಕ ಪರೀಕ್ಷೆ, ಏಪ್ರಿಲ್‌ನಲ್ಲಿ ಸಿಇಟಿ, ಮೇ ಮೊದಲ ವಾರದಲ್ಲಿ ನೀಟ್. ವಾರ್ಷಿಕ ಪರೀಕ್ಷೆ ಮುಗಿದ ದಿನದಿಂದ ಸಿಇಟಿಯವರೆಗಿನ ಕೆಲವು ವಾರಗಳಲ್ಲಿ ಪಟ್ಟಣದ ಮಕ್ಕಳು ಕ್ರ್ಯಾಶ್ ಕೋರ್ಸ್‌ನಲ್ಲಿ ದಿನಕ್ಕೊಂದು ಮಾಕ್ ಟೆಸ್ಟ್ ಬರೆಯುತ್ತಿರುತ್ತಾರೆ, ನಮ್ಮ ಕಾಲೇಜಿನ ಬಾಗಿಲು ಮುಚ್ಚಿರುತ್ತದೆ, ಉಪನ್ಯಾಸಕರು ಮೌಲ್ಯಮಾಪನ ಕೇಂದ್ರದಲ್ಲಿರುತ್ತಾರೆ.

ಇನ್ನೊಂದು ಸಣ್ಣ ಸಂಗತಿ ಹೇಳುತ್ತೇನೆ. ಸಣ್ಣದು ಎಂದು ತಾವು ಪಕ್ಕಕ್ಕೆ ಸರಿಸಬಾರದೆಂದು ಕೋರಿಕೆ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಗೊತ್ತಿಲ್ಲದ ಪ್ರಶ್ನೆಯನ್ನೂ ಖಾಲಿ ಬಿಡಬಾರದು, ಯಾವುದಾದರೂ ಒಂದು ವೃತ್ತ ತುಂಬಬೇಕು. ಇದು ಕೋಚಿಂಗ್‌ಗೆ ಹೋದ ಮಗುವಿಗೆ ಮೊದಲ ದಿನವೇ ಗೊತ್ತಾಗುತ್ತದೆ. ಪರೀಕ್ಷೆ ಬರೆದು ಬಂದ ನಮ್ಮ ವಿದ್ಯಾರ್ಥಿಗಳನ್ನು ಕೇಳಿದಾಗ, ಮೈನಸ್ ಮಾರ್ಕ್ಸ್ ಇರುತ್ತದೆಂದು ಹೆದರಿ ಹತ್ತು ಹದಿನೈದು ಪ್ರಶ್ನೆ ಬಿಟ್ಟು ಬಂದವರಿದ್ದರು. ನೀಟ್‌ನಲ್ಲಿ ಅಂಕ ಕಳೆಯುವುದುಂಟು: ಸರಿಗೆ ನಾಲ್ಕು, ತಪ್ಪಿಗೆ ಒಂದು ಕಡಿತ. ಅಲ್ಲಿನ ಭಯವನ್ನು ಇಲ್ಲಿಗೆ ತಂದಿದ್ದರು. ವಾಸ್ತವದಲ್ಲಿ ನೀಟ್‌ನಲ್ಲಿಯೂ ನಾಲ್ಕು ಆಯ್ಕೆಗಳಲ್ಲಿ ಒಂದು ಖಂಡಿತ ತಪ್ಪೆಂದು ಗೊತ್ತಾದರೂ ಸಾಕು, ಉಳಿದ ಮೂರರಲ್ಲಿ ಒಂದನ್ನು ಆರಿಸುವುದು ಸರಾಸರಿಯಲ್ಲಿ ಲಾಭದ ಲೆಕ್ಕವೇ. ಪ್ರೌಢಶಾಲೆಯ ಸಂಭವನೀಯತೆಯ ಪಾಠ ಗೊತ್ತಿದ್ದವರು ಮಾಡಬಹುದಾದ ಲೆಕ್ಕ ಇದು. ಆದರೆ ವೃತ್ತ ತುಂಬಿ ಉತ್ತರ ಗುರುತಿಸುವ ಓಎಂಆರ್ ಹಾಳೆಯನ್ನು ಪರೀಕ್ಷಾ ಕೊಠಡಿಯಲ್ಲೇ ಮೊದಲ ಬಾರಿಗೆ ಕಂಡ ಮಗುವಿಗೆ ಆ ಲೆಕ್ಕ ಎಲ್ಲಿ ಹೊಳೆಯಬೇಕು? ಪ್ರಶ್ನೆಪತ್ರಿಕೆಯ ವರ್ಶನ್ ಕೋಡ್ ತುಂಬುವಾಗಲೇ ಅವನ ಕೈ ನಡುಗುತ್ತಿರುತ್ತದೆ.

ಭಾಷೆಯ ತೊಡಕೂ ಇದೆ. ನಮ್ಮ ಕಾಲೇಜಿಗೆ ಬರುವ ಬಹುಪಾಲು ಮಕ್ಕಳು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದವರು; ಪಿಯುಸಿ ವಿಜ್ಞಾನ ನಮ್ಮಲ್ಲಿ ನಡೆಯುವುದು ಇಂಗ್ಲಿಷಿನಲ್ಲಿ. ನೀಟ್ ಪತ್ರಿಕೆ ಕನ್ನಡವೂ ಸೇರಿದಂತೆ 13 ಭಾಷೆಗಳಲ್ಲಿ ಲಭ್ಯವಿದೆಯೆಂಬುದು ಕೇಳಲು ಹಿತವಾಗಿದೆ. ಆದರೆ ಎರಡು ವರ್ಷ ಇಂಗ್ಲಿಷ್ ಪಠ್ಯವನ್ನು ತಡವರಿಸುತ್ತ ಓದಿದ ಮಗು ಪರೀಕ್ಷೆಯ ದಿನ ಕನ್ನಡ ಪತ್ರಿಕೆ ಆರಿಸಿಕೊಂಡು ಏನು ಮಾಡೀತು? ವಿಜ್ಞಾನ ಅರ್ಥವಾಗಿಯೂ ಪ್ರಶ್ನೆ ಅರ್ಥವಾಗದೆ ಸೋತ ಮಕ್ಕಳನ್ನು ನಾನು ಕಂಡಿದ್ದೇನೆ. ಒಂದು ಹೇಳಿಕೆ, ಅದಕ್ಕೊಂದು ಕಾರಣ ಕೊಟ್ಟು ಎರಡರ ಸಂಬಂಧ ಕೇಳುವ ಪ್ರಶ್ನೆಗಳಲ್ಲಂತೂ ಇದು ಎದ್ದು ಕಾಣುತ್ತದೆ.

ಈಗ ಇನ್ನೊಂದು ಬದಿಯ ವಿಚಾರಕ್ಕೆ ಬರುತ್ತೇನೆ. ನಮ್ಮ ತಾಲ್ಲೂಕಿನಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಮುಂದಿರುವ ಮಕ್ಕಳ ಮನೆಗೆ ಫಲಿತಾಂಶ ಬಂದ ವಾರದೊಳಗೆ ಫೋನ್ ಬರುತ್ತದೆ. ಕರಾವಳಿಯಿಂದ, ಬೆಂಗಳೂರಿನಿಂದ, ಧಾರವಾಡದಿಂದ, ಪಕ್ಕದ ಆಂಧ್ರ ತೆಲಂಗಾಣಗಳಿಂದಲೂ ಬರುತ್ತದೆ. ‘ಇಂಟಿಗ್ರೇಟೆಡ್’ ಎನ್ನುವುದು ಈಗ ಹಳ್ಳಿಯ ಕಟ್ಟೆಯ ಮೇಲೂ ಓಡಾಡುವ ಮಾತು: ಪಿಯುಸಿಯೂ ಅಲ್ಲೇ, ಕೋಚಿಂಗೂ ಅಲ್ಲೇ, ಹಾಸ್ಟೆಲೂ ಅಲ್ಲೇ. ಹತ್ತಿ ಬೆಳೆಯುವ ರೈತರೊಬ್ಬರು ಇಂಥದೊಂದು ಕಾಲೇಜಿನ ಶುಲ್ಕದ ಚೀಟಿ ಹಿಡಿದು ನನ್ನ ಸಲಹೆ ಕೇಳಲು ಬಂದಿದ್ದರು. ಮಗಳನ್ನು ನಮ್ಮಲ್ಲೇ ಸೇರಿಸಿ, ಜೊತೆಗೆ ರಜೆಯಲ್ಲಿ ಎಲ್ಲಾದರೂ ಒಂದು ಟೆಸ್ಟ್ ಸರಣಿಗೆ ಹಾಕೋಣ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕಾಲೇಜಿನ್ಯಾಗ ಕಲಸೂದು ಸಾಕಾಗಂಗಿಲ್ಲ ಅಂದ್ರ ಕಾಲೇಜ್ ಯಾಕ್ರೀ ಸರ್?’ ಎಂದರು. ಅವರ ಪ್ರಶ್ನೆಯನ್ನು ತಮಗೆ ದಾಟಿಸುವುದು ಈ ಪತ್ರದ ಒಂದು ಕೆಲಸ.

ಬೋರ್ಡ್ ಪರೀಕ್ಷೆಯ ಪ್ರಾಯೋಗಿಕ ಭಾಗಕ್ಕೆ ಬಾಹ್ಯ ಪರೀಕ್ಷಕನಾಗಿ ಹೋದಾಗ ಅಂಥ ಕೆಲವು ಕಾಲೇಜುಗಳ ಒಳಗನ್ನು ನೋಡುವ ಅವಕಾಶ ಸಿಕ್ಕಿತ್ತು. ಹೆಸರು ಹೇಳುವುದಿಲ್ಲ, ಒಂದೆರಡರ ದೋಷವಲ್ಲ ಇದು. ಪ್ರಯೋಗಾಲಯದಲ್ಲಿ ಮೀಟರ್ ಬ್ರಿಡ್ಜ್‌ಗಳು (ವೀಟ್‌ಸ್ಟನ್ ಸೇತುವೆಯ ಪ್ರಯೋಗದ ಉಪಕರಣ) ಸಾಲಾಗಿ ಇದ್ದವು, ತಂತಿಯ ಮೇಲೆ ಜಾಕಿ (ತಂತಿಗೆ ಮುಟ್ಟಿಸುವ ಕಡ್ಡಿ) ಎಳೆದ ಗೀರೂ ಇರಲಿಲ್ಲ. ಪ್ರಯೋಗಾಲಯ ತೆರೆದದ್ದು ಪರೀಕ್ಷೆಯ ಹಿಂದಿನ ವಾರ ಎಂದು ಮಕ್ಕಳೇ ಹೇಳಿದರು. ಗ್ಯಾಲ್ವನೋಮೀಟರಿನ ಮುಳ್ಳು ಯಾವ ಕಡೆ ತಿರುಗಿದರೆ ಜಾಕಿಯನ್ನು ಯಾವ ಕಡೆ ಸರಿಸಬೇಕೆಂದು ಗೊತ್ತಿಲ್ಲದ ಹುಡುಗ, ಅದೇ ಸೇತುವೆಯ ಮೇಲಿನ ಆಯ್ಕೆ ಪ್ರಶ್ನೆಗಳನ್ನು ಸರಸರನೆ ಬಿಡಿಸಬಲ್ಲವನಾಗಿದ್ದ. ಪ್ರಾಯೋಗಿಕಕ್ಕೆ ನಿಗದಿಯಾದ 30 ಅಂಕಗಳಲ್ಲಿ 30 ಕೊಡುವುದು ಅಲ್ಲಿನ ರೂಢಿ. ಕಡಿಮೆ ಕೊಟ್ಟ ಪರೀಕ್ಷಕನಿಗೆ ಸಂಜೆಯೊಳಗೆ ಫೋನ್ ಬರುವುದೂ ರೂಢಿ. ಮಕ್ಕಳು ಬೆಳಗಿನ ಜಾವ ಎದ್ದು ರಾತ್ರಿ ಹತ್ತರ ತನಕ ಕೂರುತ್ತಾರೆ. ವಾರದ ಪರೀಕ್ಷೆಯ ಅಂಕದ ಮೇಲೆ ಅವರ ಸೆಕ್ಷನ್ ಬದಲಾಗುತ್ತದೆ. ಕೆಳಗಿನ ಸೆಕ್ಷನ್‌ಗೆ ಇಳಿದ ಮಗುವಿಗೆ ಒಳ್ಳೆಯ ಉಪನ್ಯಾಸಕರೂ ತಪ್ಪುತ್ತಾರೆ. ಅಂದರೆ ಯಾರಿಗೆ ಹೆಚ್ಚು ಕಲಿಸಬೇಕೋ ಅವರಿಗೆ ಕಡಿಮೆ ಕಲಿಸುವ ಏರ್ಪಾಡು. ಅವರ ತಂದೆ ತಾಯಿ ಕಟ್ಟಿದ ಶುಲ್ಕ ಮಾತ್ರ ಮೇಲಿನ ಸೆಕ್ಷನ್ನಿನವರಷ್ಟೇ.

ಇದನ್ನು ತಡೆಯಲು ನಿಯಮಗಳಿಲ್ಲವೆಂದಲ್ಲ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳ ನಿಯಂತ್ರಣಕ್ಕೆ ಮಾರ್ಗಸೂಚಿ ಹೊರಡಿಸಿತು. 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು, ಶಾಲೆ ಕಾಲೇಜಿನ ಸಮಯದಲ್ಲಿ ಕೋಚಿಂಗ್ ನಡೆಸಬಾರದು, ದಿನಕ್ಕೆ ಐದು ಗಂಟೆ ಮೀರಬಾರದು, ನಡುವೆ ಬಿಟ್ಟುಹೋದ ವಿದ್ಯಾರ್ಥಿಗೆ ಉಳಿದ ಅವಧಿಯ ಶುಲ್ಕವನ್ನು ಹತ್ತು ದಿನದಲ್ಲಿ ಹಿಂತಿರುಗಿಸಬೇಕು ಎಂದೆಲ್ಲ ಅದರಲ್ಲಿದೆ. ಅದೇ ವರ್ಷದ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಕೋಚಿಂಗ್ ಜಾಹೀರಾತುಗಳ ಮೇಲೆ ಬೇರೆ ಮಾರ್ಗಸೂಚಿ ತಂದಿತು. ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಕುರಿತು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಕೊಟ್ಟ ನಿರ್ದೇಶನಗಳಲ್ಲಿ ಅಂಕ ಆಧರಿಸಿದ ಬ್ಯಾಚ್ ವಿಂಗಡಣೆಯನ್ನು ಸಾಧ್ಯವಾದಷ್ಟು ಮಟ್ಟಿಗೆ ಬಿಡಬೇಕೆಂದು ಹೇಳಿದೆ. ನಮ್ಮ ಇಲಾಖೆಯೂ ಕಾಲೇಜು ಅವಧಿಯಲ್ಲಿ ಕೋಚಿಂಗ್ ನಡೆಸಬಾರದೆಂದು ಸುತ್ತೋಲೆ ಕಳಿಸಿದ್ದುಂಟು. ಸಮಸ್ಯೆ ಇರುವುದು ಇಲ್ಲಿ: ಕೋಚಿಂಗ್ ಕೇಂದ್ರವೇ ಕಾಲೇಜಾಗಿಬಿಟ್ಟರೆ, ಅಥವಾ ಕಾಲೇಜು ತನ್ನ ತರಗತಿಯನ್ನೇ ಕೋಚಿಂಗ್‌ನವರಿಗೆ ವಹಿಸಿಕೊಟ್ಟರೆ, ಯಾವ ಗಂಟೆ ಕಾಲೇಜಿನದು, ಯಾವ ಗಂಟೆ ಕೋಚಿಂಗ್‌ನದು ಎಂದು ಅಳೆಯುವವರು ಯಾರು? ಕೋಚಿಂಗ್ ತನಿಖೆಗೆ ಹೋದರೆ ಇದು ಕಾಲೇಜು ಎನ್ನುತ್ತಾರೆ, ಕಾಲೇಜಿನ ತನಿಖೆಗೆ ಹೋದರೆ ಮಕ್ಕಳು ಹೆಚ್ಚುವರಿ ತರಗತಿಯಲ್ಲಿದ್ದಾರೆ ಎನ್ನುತ್ತಾರೆ. ಬಾವಲಿ ಹಕ್ಕಿಗಳ ಸಭೆಯಲ್ಲಿ ಪ್ರಾಣಿ, ಪ್ರಾಣಿಗಳ ಸಭೆಯಲ್ಲಿ ಹಕ್ಕಿ ಆಗುವ ಹಾಗೆ. ಶುಲ್ಕದ ರಸೀದಿಯಲ್ಲಿಯೂ ಎರಡು ಭಾಗ ಬೇರೆ ಇರುವುದಿಲ್ಲ; ಮಗು ತಿಂಗಳೊಳಗೆ ಮನೆಗೆ ವಾಪಸಾದರೆ ಎಷ್ಟು ಹಣ ಮರಳಿ ಕೇಳಬೇಕೆಂಬುದೇ ಪೋಷಕರಿಗೆ ತಿಳಿಯುವುದಿಲ್ಲ.

ಕೋಚಿಂಗ್ ನಿಷೇಧಿಸಿ ಎಂದು ನಾನು ಕೇಳುತ್ತಿಲ್ಲ. ನಿಷೇಧಿಸಿದರೆ ಅದು ಹಿಂಬಾಗಿಲಿನಿಂದ ನಡೆಯುತ್ತದೆ, ಶುಲ್ಕ ಇನ್ನಷ್ಟು ಏರುತ್ತದೆ. ಅಲ್ಲಿ ಕಲಿಸುವವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ; ಚೆನ್ನಾಗಿ ಕಲಿಸುತ್ತಾರೆ. ಸರ್ಕಾರಿ ಕಾಲೇಜು ಬಿಟ್ಟುಕೊಟ್ಟ ಜಾಗವನ್ನು ಅವರು ತುಂಬಿದ್ದಾರೆ ಅಷ್ಟೆ. ರಾಜ್ಯದಲ್ಲಿ 1,200ಕ್ಕೂ ಹೆಚ್ಚು ಸರ್ಕಾರಿ ಪದವಿಪೂರ್ವ ಕಾಲೇಜುಗಳಿವೆ. ಸ್ಪರ್ಧಾತ್ಮಕ ಪರೀಕ್ಷೆ ಬರೆದು ಆಯ್ಕೆಯಾದ, ಎಂ.ಎಸ್ಸಿ., ಬಿ.ಎಡ್. ಮಾಡಿದ ಉಪನ್ಯಾಸಕರು ಅಲ್ಲಿದ್ದಾರೆ. ಯಾವ ಖಾಸಗಿ ಸಂಸ್ಥೆಗೂ ಇಷ್ಟು ದೊಡ್ಡ ಜಾಲವಿಲ್ಲ.

ಸರ್ಕಾರ ಏನೂ ಮಾಡಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಕೊರೊನಾ ಕಾಲದಲ್ಲಿ, 2020ರಲ್ಲಿ, ‘ಗೆಟ್‌ಸೆಟ್‌ಗೋ’ ಎಂಬ ಉಚಿತ ಆನ್‌ಲೈನ್ ತರಬೇತಿ ಬಂತು. ಲಾಕ್‌ಡೌನ್ ಸಮಯಕ್ಕೆ ಅದು ಒಳ್ಳೆಯ ಪ್ರಯತ್ನವೇ. ಆದರೆ ಮನೆಯಲ್ಲಿರುವ ಒಂದು ಮೊಬೈಲ್ ಅಪ್ಪನ ಜೇಬಿನಲ್ಲಿದ್ದು ಹೊಲಕ್ಕೆ ಹೋಗಿರುವಾಗ ಮಗು ವಿಡಿಯೊ ನೋಡುವುದು ರಾತ್ರಿಯೇ. ಅರ್ಥವಾಗದ ಕಡೆ ನಿಲ್ಲಿಸಿ ಕೇಳಲು ಎದುರಿಗೆ ಯಾರೂ ಇಲ್ಲ. ಉಪನ್ಯಾಸಕರಿಲ್ಲದ ಕೊರತೆಯನ್ನು ವಿಡಿಯೊದಿಂದ ತುಂಬುವ ಯೋಜನೆಗಳ ಮೇಲೆ ನನಗೆ ನಂಬಿಕೆ ಕಡಿಮೆ. ತರಗತಿಯ ಉಪನ್ಯಾಸಕರ ಕೈಯಲ್ಲಿ ಅದೇ ವಿಡಿಯೊ ಇದ್ದರೆ ಮಾತು ಬೇರೆ.

2024ರ ಸಿಇಟಿಯಲ್ಲಿ ನಡೆದುದನ್ನು ಇಲ್ಲಿ ಹೇಳದೆ ಇರಲಾರೆ. ಏಪ್ರಿಲ್ 18 ಮತ್ತು 19ರಂದು ನಡೆದ ಆ ಪರೀಕ್ಷೆಯ 240 ಪ್ರಶ್ನೆಗಳಲ್ಲಿ 50 ಪ್ರಶ್ನೆಗಳು ಪಠ್ಯಕ್ರಮದ ಹೊರಗಿನವೆಂದು ತಜ್ಞರ ಸಮಿತಿ ಕಂಡುಕೊಂಡು, ಅವನ್ನು ಮೌಲ್ಯಮಾಪನದಿಂದಲೇ ಕೈಬಿಡಬೇಕಾಯಿತು. ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿ ಪಠ್ಯ ಕಡಿತಗೊಳಿಸಿದಾಗ ನಮ್ಮ ಪಿಯು ಪಠ್ಯವೂ ಕಡಿತವಾಗಿತ್ತು. ಮೀಟರ್ ಬ್ರಿಡ್ಜ್, ಪೊಟೆನ್ಶಿಯೋಮೀಟರ್ ಭಾಗಗಳು ಹೋಗಿ ವೀಟ್‌ಸ್ಟನ್ ಸೇತುವೆ ಮಾತ್ರ ಉಳಿದದ್ದು ಹೀಗೆಯೇ. ಪಠ್ಯ ಗೊತ್ತುಮಾಡುವುದು ತಮ್ಮ ಇಲಾಖೆ, ಪ್ರಶ್ನೆ ಕೇಳುವುದು ಉನ್ನತ ಶಿಕ್ಷಣ ಇಲಾಖೆಯ ಅಧೀನದ ಪರೀಕ್ಷಾ ಪ್ರಾಧಿಕಾರ. ಇಬ್ಬರ ನಡುವಿನ ತಪ್ಪಿಗೆ ಬೆಲೆ ತೆತ್ತವರು ಮಕ್ಕಳು. ಪ್ರಶ್ನೆ ಕೈಬಿಟ್ಟ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. ಗಣಿತದಲ್ಲಿ ಅಂಥ ಪ್ರಶ್ನೆಗಳು 15 ಇದ್ದವು. ಪ್ರಶ್ನೆಗೆ 80 ಸೆಕೆಂಡಿನಂತೆ ಲೆಕ್ಕ ಹಾಕಿದರೂ 80 ನಿಮಿಷದ ಪರೀಕ್ಷೆಯಲ್ಲಿ 20 ನಿಮಿಷ. ಕಲಿಸಿದ್ದು ತನಗೆ ಮರೆತಿದೆಯೆಂದುಕೊಂಡು ಆ ಪ್ರಶ್ನೆಗಳ ಜೊತೆ ಗುದ್ದಾಡಿದ ಮಗು ಆ 20 ನಿಮಿಷವನ್ನು ಕಳೆದುಕೊಂಡಿತು, ಅದಕ್ಕಿಂತ ಹೆಚ್ಚಾಗಿ ಧೈರ್ಯ ಕಳೆದುಕೊಂಡಿತು. ಕಡಿತವಾದ ಪಾಠವನ್ನೂ ಕೋಚಿಂಗ್‌ನಲ್ಲಿ ಕಲಿತಿದ್ದವರು ಗಾಬರಿಯಾಗಲಿಲ್ಲ. ಸರ್ಕಾರದ ಪಠ್ಯವನ್ನಷ್ಟೇ ನಂಬಿದವರು ಗಾಬರಿಯಾದರು.

ನೀಟ್ ತಮ್ಮ ಕೈಯಲ್ಲಿಲ್ಲವೆಂದು ನನಗೆ ಗೊತ್ತು. 2024ರ ನೀಟ್‌ನ ಕೃಪಾಂಕ, ಮರುಪರೀಕ್ಷೆ, ಸೋರಿಕೆಗಳ ರಾದ್ಧಾಂತದ ನಂತರ ನಮ್ಮ ವಿಧಾನಮಂಡಲ ಜುಲೈನಲ್ಲಿ ನೀಟ್ ವಿರುದ್ಧ ನಿರ್ಣಯ ಅಂಗೀಕರಿಸಿತು. ನಿರ್ಣಯ ಅಂಗೀಕಾರವಾದ ಮೇಲೂ ನಮ್ಮ ಮಕ್ಕಳು ನೀಟ್ ಬರೆಯುತ್ತಲೇ ಇದ್ದಾರೆ; ಒಂದು ಬಾರಿಯಲ್ಲಿ ಆಗದವರು ವರ್ಷ ಬಿಟ್ಟು ‘ಲಾಂಗ್ ಟರ್ಮ್’ ಬ್ಯಾಚಿಗೆ ಸೇರುತ್ತಿದ್ದಾರೆ. ವರ್ಷ ಬಿಡುವುದಕ್ಕೂ ಹಣ ಬೇಕು, ಹೆಣ್ಣುಮಕ್ಕಳಾದರೆ ಮನೆಯವರ ಒಪ್ಪಿಗೆಯೂ ಬೇಕು. ಪಕ್ಕದ ತಮಿಳುನಾಡು ನೀಟ್ ವಿರೋಧಿಸುತ್ತಲೇ ಎರಡು ಕೆಲಸ ಮಾಡಿತು. 2020ರಲ್ಲಿ ಕಾಯ್ದೆ ತಂದು ಸರ್ಕಾರಿ ಶಾಲೆಯಲ್ಲಿ ಓದಿದ ಮಕ್ಕಳಿಗೆ ವೈದ್ಯಕೀಯ ಸೀಟುಗಳಲ್ಲಿ ಶೇಕಡ 7.5 ಮೀಸಲಿಟ್ಟಿತು. 2021ರಲ್ಲಿ ನ್ಯಾಯಮೂರ್ತಿ ಎ.ಕೆ. ರಾಜನ್ ಸಮಿತಿಯಿಂದ, ನೀಟ್ ಬಂದ ಮೇಲೆ ಯಾವ ಮಾಧ್ಯಮದ, ಯಾವ ಬಗೆಯ ಶಾಲೆಯ ಮಕ್ಕಳ ಪಾಲು ಎಷ್ಟು ಕುಗ್ಗಿತೆಂದು ಅಂಕಿ ಅಂಶ ಸಹಿತ ವರದಿ ತರಿಸಿಕೊಂಡಿತು. ನಮ್ಮಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡ 15, ಕನ್ನಡ ಮಾಧ್ಯಮಕ್ಕೆ ಶೇಕಡ 5, ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಸಂವಿಧಾನದ 371(ಜೆ) ವಿಧಿಯ ಅಡಿಯ ಮೀಸಲಾತಿ ಇವೆ, ಅವುಗಳಿಂದ ಉಪಕಾರವಾಗಿದೆ. ಆದರೆ ಹಳ್ಳಿಯಲ್ಲಿ ಹತ್ತನೇ ತರಗತಿ ಮುಗಿಸಿ ದೊಡ್ಡ ಶುಲ್ಕದ ವಸತಿ ಕಾಲೇಜಿಗೆ ಹೋದವರೂ, ಹಳ್ಳಿಯಲ್ಲಿ ಓದಿ ತಾಲ್ಲೂಕಿನ ಸರ್ಕಾರಿ ಕಾಲೇಜಿಗೆ ಬಂದವರೂ ಈ ಮೀಸಲಾತಿಯ ಕಣ್ಣಿಗೆ ಒಂದೇ.

ಆದ್ದರಿಂದ ನನ್ನ ಮೊದಲ ಕೋರಿಕೆ ಹಣ ಖರ್ಚಿನದಲ್ಲ, ಪಾರದರ್ಶಕತೆಯದು. ಪರೀಕ್ಷಾ ಪ್ರಾಧಿಕಾರದ ಅರ್ಜಿಯಲ್ಲಿ ಅಭ್ಯರ್ಥಿ ಎಲ್ಲಿ ಓದಿದ, ಯಾವ ಮಾಧ್ಯಮ, ಗ್ರಾಮೀಣವೋ ನಗರವೋ ಎಲ್ಲ ಮಾಹಿತಿಯೂ ಇರುತ್ತದೆ. ಪ್ರತಿವರ್ಷ ಸರ್ಕಾರಿ ವೈದ್ಯಕೀಯ, ಎಂಜಿನಿಯರಿಂಗ್ ಸೀಟು ಪಡೆದವರಲ್ಲಿ ಸರ್ಕಾರಿ ಪದವಿಪೂರ್ವ ಕಾಲೇಜಿನವರು ಎಷ್ಟು, ಯಾವ ಜಿಲ್ಲೆಯವರು ಎಷ್ಟು, ಪಿಯುಸಿ ಮುಗಿಸಿದ ವರ್ಷವೇ ಸೀಟು ಪಡೆದವರು ಎಷ್ಟು, ವರ್ಷ ಬಿಟ್ಟು ಬರೆದವರು ಎಷ್ಟು ಎಂಬುದನ್ನು ಯಾರ ಹೆಸರೂ ಹೊರಬರದಂತೆ ಪ್ರಕಟಿಸಬೇಕು. ರ‍್ಯಾಂಕ್ ಪಡೆದವರ ಫೋಟೊ ಪತ್ರಿಕೆಗಳ ಮುಖಪುಟದಲ್ಲಿ ಬರುವಷ್ಟೇ ನಿಯಮಿತವಾಗಿ ಈ ಪಟ್ಟಿಯೂ ಬರಲಿ. ಸಂಖ್ಯೆ ಕಣ್ಣೆದುರು ಇದ್ದರೆ ಸರ್ಕಾರಿ ಕಾಲೇಜಿನವರಿಗೆ ಪ್ರತ್ಯೇಕ ಪಾಲು ಬೇಕೋ ಬೇಡವೋ ಎಂಬ ಚರ್ಚೆಯನ್ನು ವಿಧಾನಮಂಡಲದಲ್ಲಿ ಗಂಭೀರವಾಗಿ ಮಾಡಬಹುದು.

ಎರಡನೆಯದಾಗಿ, ಜೂನ್ ಮೊದಲ ವಾರದಲ್ಲಿ ಪ್ರತಿ ವಿಜ್ಞಾನ ವಿಭಾಗದಲ್ಲಿ ನಾಲ್ಕೂ ವಿಷಯಗಳಿಗೆ ಉಪನ್ಯಾಸಕರು ಇರಬೇಕು. ಖಾಯಂ ನೇಮಕಕ್ಕೆ ತಡವಾಗುವುದಿದ್ದರೆ ಅತಿಥಿ ಉಪನ್ಯಾಸಕರ ಪಟ್ಟಿ ಬೇಸಿಗೆ ರಜೆಯಲ್ಲೇ ಸಿದ್ಧವಾಗಲಿ. ವಿಜ್ಞಾನ ಉಪನ್ಯಾಸಕರನ್ನು ತರಗತಿ ನಡೆಯುವ ತಿಂಗಳುಗಳಲ್ಲಿ ಬೇರೆ ಕೆಲಸಕ್ಕೆ ಎಳೆಯಬಾರದೆಂಬ ಆದೇಶ ಹೊರಡಲಿ. ಚುನಾವಣೆಯ ಮಾತು ಬೇರೆ, ಉಳಿದವುಗಳಿಗೆ ಬೇರೆಯವರಿದ್ದಾರೆ.

ಮೂರನೆಯದು ನನ್ನ ಮನಸ್ಸಿಗೆ ಅತಿ ಹತ್ತಿರವಾದದ್ದು. ದ್ವಿತೀಯ ಪಿಯುಸಿ ವೇಳಾಪಟ್ಟಿಯಲ್ಲಿ ಪ್ರತಿ ವಿಷಯಕ್ಕೂ ವಾರಕ್ಕೊಂದು ಅವಧಿಯನ್ನು ಪ್ರವೇಶ ಪರೀಕ್ಷೆಯ ಮಾದರಿಯ ಸಮಸ್ಯೆಗಳಿಗೆಂದೇ ಅಧಿಕೃತವಾಗಿ ಇಡಬೇಕು. ಸಂಜೆಯ ಹೆಚ್ಚುವರಿ ತರಗತಿಯಾಗಿ ಅಲ್ಲ, ಏಕೆಂದರೆ ನಮ್ಮ ಮಕ್ಕಳಿಗೆ ಊರಿಗೆ ಹೋಗುವ ಕೊನೆಯ ಬಸ್ಸು ಕಾಯುವುದಿಲ್ಲ. ತಿಂಗಳಿಗೊಮ್ಮೆ ಜಿಲ್ಲೆಯ ಎಲ್ಲ ಸರ್ಕಾರಿ ಕಾಲೇಜುಗಳಲ್ಲಿ ಒಂದೇ ದಿನ ನಿಜವಾದ ಓಎಂಆರ್ ಹಾಳೆಯ ಮೇಲೆ, ನಿಜವಾದ ಸಮಯಮಿತಿಯಲ್ಲಿ ಪರೀಕ್ಷೆ ನಡೆಯಲಿ. ಪ್ರಾಧಿಕಾರದ ಹಳೆಯ ಪ್ರಶ್ನೆಪತ್ರಿಕೆಗಳು, ಕೀ ಉತ್ತರಗಳು ಈಗಾಗಲೇ ಸಾರ್ವಜನಿಕವಾಗಿವೆ. ಅವಕ್ಕೆ ನಮ್ಮ ಉಪನ್ಯಾಸಕರಿಂದಲೇ ಕನ್ನಡದಲ್ಲಿ ಮತ್ತು ಇಂಗ್ಲಿಷಿನಲ್ಲಿ ವಿವರಣೆ ಬರೆಸಿ, ಅಧ್ಯಾಯವಾರು ಜೋಡಿಸಿ, ಪುಸ್ತಕ ಮಾಡಿ ಉಚಿತವಾಗಿ ಹಂಚಲಿ. ವಾರ್ಷಿಕ ಪರೀಕ್ಷೆ ಮುಗಿದ ಮರುದಿನದಿಂದ ಸಿಇಟಿಯವರೆಗೆ ಕಾಲೇಜು ತೆರೆದಿರಲಿ. ಮೌಲ್ಯಮಾಪನಕ್ಕೆ ಹೋಗುವ ಉಪನ್ಯಾಸಕರ ಸರದಿಯನ್ನು ಹಾಗೆ ಹೊಂದಿಸುವುದು ಅಸಾಧ್ಯವೇನಲ್ಲ. ಈ ಕೆಲಸಕ್ಕೆ ಹೊರಗಿನ ಸಂಸ್ಥೆಯ ಜೊತೆ ಒಪ್ಪಂದ ಬೇಡವೆಂದು ನನ್ನ ವಿನಂತಿ. ಒಪ್ಪಂದದ ಅವಧಿ ಮುಗಿದ ದಿನ ನಮ್ಮ ಬಳಿ ಏನೂ ಉಳಿದಿರುವುದಿಲ್ಲ.

ಪಠ್ಯ ಮತ್ತು ಪ್ರಶ್ನೆಪತ್ರಿಕೆಗಳ ನಡುವೆ ಮತ್ತೆ 2024ರಂಥ ಬಿರುಕು ಬೀಳದಂತೆ, ಪ್ರತಿ ಶೈಕ್ಷಣಿಕ ವರ್ಷದ ಆರಂಭದಲ್ಲಿ ಇಲಾಖೆ ಮತ್ತು ಪ್ರಾಧಿಕಾರ ಜಂಟಿಯಾಗಿ ಸಹಿ ಮಾಡಿದ, ಯಾವ ಅಧ್ಯಾಯದ ಯಾವ ಭಾಗ ಸೇರಿದೆ, ಯಾವುದು ಕಡಿತವಾಗಿದೆ ಎಂದು ಸ್ಪಷ್ಟವಾಗಿ ಬರೆದ ಪಠ್ಯಕ್ರಮ ಪ್ರಕಟವಾಗಬೇಕು. ಪ್ರಶ್ನೆಪತ್ರಿಕೆ ತಯಾರಿಸುವವರ ತಂಡದಲ್ಲಿ ಆ ವರ್ಷ ಪಿಯುಸಿ ತರಗತಿಗೆ ಪಾಠ ಮಾಡಿದವರು ಇರಬೇಕು.

ಕೊನೆಯದು ಇಂಟಿಗ್ರೇಟೆಡ್ ಕಾಲೇಜುಗಳ ಬಗ್ಗೆ. ಕೋಚಿಂಗ್ ಮಾರ್ಗಸೂಚಿಯನ್ನು ಈ ಕಾಲೇಜುಗಳಿಗೂ ಅನ್ವಯಿಸುವಂತೆ ರಾಜ್ಯ ತನ್ನದೇ ಆದೇಶ ಹೊರಡಿಸಬೇಕು. ಕಾಲೇಜು ಶುಲ್ಕ, ಕೋಚಿಂಗ್ ಶುಲ್ಕ, ವಸತಿ ಶುಲ್ಕಗಳಿಗೆ ಬೇರೆ ಬೇರೆ ರಸೀದಿ ಕಡ್ಡಾಯವಾಗಲಿ. ಬಿಟ್ಟುಹೋದ ಮಗುವಿಗೆ ಹಣ ಹಿಂತಿರುಗಿಸದ ಸಂಸ್ಥೆಯ ಮೇಲೆ ದೂರು ಕೊಡಲು ಜಿಲ್ಲಾ ಉಪನಿರ್ದೇಶಕರ ಕಚೇರಿಯಲ್ಲಿ ಒಬ್ಬ ಅಧಿಕಾರಿ ಇರಲಿ. ಪ್ರಯೋಗಾಲಯದ ತಪಾಸಣೆ ಮಾರ್ಚ್‌ನಲ್ಲಿ ಬೇಡ, ಆಗಸ್ಟ್‌ನಲ್ಲಿ, ಮುನ್ಸೂಚನೆಯಿಲ್ಲದೆ ನಡೆಯಲಿ. ಹಾಜರಿ ಪುಸ್ತಕ ನೋಡಿದರೆ ಸಾಲದು. ಒಂದು ಮಗುವಿನ ಕೈಗೆ ಜಾಕಿ ಕೊಟ್ಟು ಶೂನ್ಯ ಬಿಂದು ಹುಡುಕಲು ಹೇಳಿದರೆ ಆ ಕಾಲೇಜಿನ ವಿಷಯ ಐದು ನಿಮಿಷದಲ್ಲಿ ತಿಳಿಯುತ್ತದೆ.

ಇವುಗಳಲ್ಲಿ ಯಾವುದನ್ನು ಒಪ್ಪುತ್ತೀರಿ, ಯಾವುದನ್ನು ಯಾಕೆ ಒಪ್ಪುವುದಿಲ್ಲ ಎಂಬುದನ್ನು ಮುಂದಿನ ಶೈಕ್ಷಣಿಕ ವರ್ಷದ ಪ್ರವೇಶ ಪ್ರಕ್ರಿಯೆ ಶುರುವಾಗುವ ಮೊದಲು, ಸುತ್ತೋಲೆಯ ಮೂಲಕವಾಗಲಿ ಸದನದ ಉತ್ತರವಾಗಲಿ, ಸಾರ್ವಜನಿಕವಾಗಿ ತಿಳಿಸಬೇಕೆಂದು ಕೋರುತ್ತೇನೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದೊಡನೆ ನಮ್ಮ ತಾಲ್ಲೂಕಿನ ಪೋಷಕರು ಮತ್ತೆ ಸಲಹೆ ಕೇಳಲು ಬರುತ್ತಾರೆ. ಸರ್ಕಾರಿ ಕಾಲೇಜಿಗೇ ಸೇರಿಸಿ ಎಂದು ಹೇಳಲು ನನಗೆ ತಮ್ಮ ಉತ್ತರ ಬೇಕಾಗಿದೆ.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ,
ರಾಯಚೂರು ಜಿಲ್ಲೆ.